ಒಂದು ಕಚೇರಿಗಾಗಿ ಬೆಂಗಳೂರಿಗೆ

ಭಾನುವಾರ ಸಂಜೆ ಬೆಂಗಳೂರಿನಲ್ಲಿ ನಡೆಯಲಿದ್ದ ಸಂಗೀತ ಕಚೇರಿಯೊಂದಕ್ಕಾಗಿ ಶನಿವಾರ ರಾತ್ರಿ ಉಡುಪಿಯಿಂದ ಹೊರಟು ಸೋಮವಾರ ಬೆಳಿಗ್ಗೆ ಹಿಂದಿರುಗುವೆನೆಂದು ನಾನು ಹೇಳಿದಾಗ, ಕಾಲೇಜಿನ ಮಿತ್ರರೊಬ್ಬರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಆಪಾದಮಸ್ತಕವಾಗಿ ನೋಡಿದರು. "ಮೂರು ಗಂಟೆಯ ಹಾಡಿಕೆಗೆ ಎಂಟುನೂರು ಕಿಲೋಮೀಟರ್ ಪ್ರಯಾಣವೆ, ಮಾರಾಯ್ರೆ? ಕಿಸೆಯಲ್ಲಿರುವ ಫೋನನ್ನು ಒತ್ತಿದರೆ ಅದೇ ವಿದ್ವಾಂಸರು ಅಲ್ಲಿಯೇ ಹಾಡುತ್ತಾರಲ್ಲ!" ಎಂದರು. ಅವರು ಗಣಿತದ ಅಧ್ಯಾಪಕರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೋಗಲು ನಾನೂರು, ಬರಲು ನಾನೂರು. ಎರಡು ರಾತ್ರಿಯ ನಿದ್ದೆ ಕೆಡುವುದು ಬೇರೆ.

ಉಡುಪಿಗೆ ಸಂಗೀತದ ಬಡತನವಿದೆಯೆ ಎಂದರೆ ಅದೂ ಇಲ್ಲ. ಕೃಷ್ಣಮಠದ ರಾಜಾಂಗಣದಲ್ಲಿ ವರ್ಷದ ಬಹುಪಾಲು ಸಂಜೆಗಳಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಎಂ.ಜಿ.ಎಂ. ಕಾಲೇಜಿನ ಮಂಟಪದಲ್ಲಿಯೂ ಮಣಿಪಾಲದಲ್ಲಿಯೂ ದೊಡ್ಡ ದೊಡ್ಡವರು ಬಂದು ಹಾಡಿ ಹೋಗುತ್ತಾರೆ. ಹಾಗಿದ್ದೂ ನಾನೇಕೆ ಹೊರಟೆ? ಮಿತ್ರರಿಗೆ ಹೇಳದ ಕಾರಣವನ್ನು ಓದುಗರಿಗೆ ಹೇಳುತ್ತೇನೆ.

ನನ್ನ ತಾಯಿ ಸಂಗೀತವನ್ನು ಯಾರ ಬಳಿಯೂ ಕುಳಿತು ಕಲಿತವರಲ್ಲ. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ತೊಡಗಿದ್ದು ೧೯೭೬ರಲ್ಲಿ. ನಮ್ಮ ಮನೆಗೆ ರೇಡಿಯೋ ಬಂದದ್ದು ಅದರ ಆಸುಪಾಸಿನಲ್ಲಿ. ಅಂದಿನಿಂದ ಆ ಪೆಟ್ಟಿಗೆಯೇ ಅವರ ಗುರು. ಮನೆಯ ಮಾತು ತುಳು; ಅವರ ಪಾಲಿಗೆ ಸಂಗೀತದ ಮಾತು ಕನ್ನಡ. ಒಬ್ಬ ಗಾಯಕರ ಧ್ವನಿ ಕೇಳಿಬಂದರೆ ಸಾಕು, ರುಬ್ಬುವ ಕಲ್ಲು ನಿಲ್ಲುತ್ತಿತ್ತು. ಮಧ್ಯಾಹ್ನದ ಊಟ ಅರ್ಧ ಗಂಟೆ ತಡವಾಗುತ್ತಿತ್ತು. "ಇವರನ್ನು ಒಮ್ಮೆ ಎದುರಿಗೆ ಕೂತು ಕೇಳಬೇಕು, ಮಗಾ" ಎಂದು ಅವರು ಹತ್ತು ವರ್ಷಗಳ ಹಿಂದೆ ಹೇಳಿದರು. "ಬರುವ ವರ್ಷ ಕರೆದುಕೊಂಡು ಹೋಗುತ್ತೇನೆ ಅಮ್ಮ" ಎಂದು ನಾನು ಹೇಳಿದೆ. ಆ ವರ್ಷ ಮೌಲ್ಯಮಾಪನದ ಕೆಲಸ ಬಂತು, ಮರುವರ್ಷ ಮನೆಯ ಮಾಡು ರಿಪೇರಿ, ಅದರ ಮರುವರ್ಷ ಇನ್ನೇನೋ. ಬರುವ ವರ್ಷವೆಂಬುದು ಬರುತ್ತಲೇ ಇತ್ತು, ಹೋಗುತ್ತಲೂ ಇತ್ತು. ಈಗ ತಾಯಿಯ ಮೊಣಕಾಲುಗಳು ಬಸ್ಸಿನ ಮೆಟ್ಟಿಲನ್ನು ಒಪ್ಪುವುದಿಲ್ಲ. ಆ ಗಾಯಕರಿಗೂ ವಯಸ್ಸಾಗಿದೆ. ಹಾಡುವುದು ವರ್ಷಕ್ಕೊಂದೋ ಎರಡೋ ಕಡೆ.

"ನೀನಾದರೂ ಹೋಗಿ ಕೇಳಿಕೊಂಡು ಬಾ. ನನ್ನ ಪಾಲಿನದನ್ನೂ ಕೇಳು. ಮಂಗಳಕ್ಕೆ ಮೊದಲು ಎದ್ದು ಬರಬೇಡ" ಎಂದರು ತಾಯಿ. ಹೀಗೆ ಇಬ್ಬರ ಕಿವಿಯನ್ನು ಹೊತ್ತುಕೊಂಡು ನಾನೊಬ್ಬನೇ ಹೊರಟೆ.

ರಾತ್ರಿಯ ಬಸ್ಸು ಉಡುಪಿಯನ್ನು ಬಿಟ್ಟು ತೆಂಕು ಮುಖವಾಗಿ ಓಡತೊಡಗಿತು. ಕಾಪು ಬಂದಾಗ ನಾನು ಅಭ್ಯಾಸಬಲದಿಂದ ಪಶ್ಚಿಮದ ಕಿಟಕಿಯತ್ತ ತಿರುಗಿದೆ. ಕಡಲ ಬಂಡೆಯ ಮೇಲಿನ ಅಲ್ಲಿಯ ದೀಪಸ್ತಂಭ ೧೯೦೧ರದು. ಕನ್ನಡ ಪಾಠ ಹೇಳುವವನಿಗೆ ಆ ಇಸವಿಯನ್ನು ಕಂಡರೆ ಬೇರೊಂದು ನೆನಪು. ನಂದಳಿಕೆ ಲಕ್ಷ್ಮೀನಾರಣಪ್ಪ, ಎಂದರೆ ನಮ್ಮ ಮುದ್ದಣ, ತೀರಿಕೊಂಡದ್ದೂ ಅದೇ ವರ್ಷ. ಕಾಪುವಿನ ದೀಪ ಹೊತ್ತಿಕೊಂಡ ವರ್ಷ ನಂದಳಿಕೆಯ ದೀಪ ಆರಿತು. ಕ್ಷಯರೋಗ ಆತನನ್ನು ಮೂವತ್ತೊಂದರ ಪ್ರಾಯದಲ್ಲಿ ಕೊಂಡೊಯ್ದಿತು.

ಕಾಪುವನ್ನು ದಾಟಿದ ಮೇಲೆ ಪಡುಬಿದ್ರಿ. ಅಲ್ಲಿ ಎಡಕ್ಕೆ ಒಡೆಯುವ ದಾರಿ ಬೆಳ್ಮಣ್ಣಿನ ಮೇಲಾಗಿ ಕಾರ್ಕಳಕ್ಕೆ ಹೋಗುತ್ತದೆ. ಆ ದಾರಿಯ ಆಸುಪಾಸಿನಲ್ಲಿಯೇ ನಂದಳಿಕೆ. ಕಾರ್ಕಳಕ್ಕೆ ಹೋಗುವವರು ೧೪೩೨ರಲ್ಲಿ ನಿಲ್ಲಿಸಿದ ಗೊಮ್ಮಟನನ್ನು ನೋಡಲು ಹೋಗುತ್ತಾರೆ. ನಲವತ್ತೆರಡು ಅಡಿಯ ಮೂರ್ತಿ ದೂರಕ್ಕೇ ಕಾಣುತ್ತದೆ. ನಂದಳಿಕೆ ಹಾಗೆ ಕಾಣುವ ಊರಲ್ಲ. ಆದರೆ ನಾಲ್ಕು ವರ್ಷಗಳ ಅಂತರದಲ್ಲಿ ಈ ಸಣ್ಣ ಊರಿನಲ್ಲಿ ಇಬ್ಬರು ಹುಟ್ಟಿದರು. ೧೮೭೦ರಲ್ಲಿ ಮುದ್ದಣ, ಅದಕ್ಕೂ ಮೊದಲು, ೧೮೬೬ರಲ್ಲಿ, ಬಿಡಾರಂ ಕೃಷ್ಣಪ್ಪ. ಮೊದಲನೆಯವನನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಎರಡನೆಯವರ ಹೆಸರನ್ನು ಮೈಸೂರಿನವರು ಬಲ್ಲಷ್ಟು ನಾವು ಬಲ್ಲೆವೆ ಎಂದು ನನಗೆ ಸಂದೇಹ.

ಕೃಷ್ಣಪ್ಪನವರ ತಂದೆ ಯಕ್ಷಗಾನದವರು. ಬಿಡಾರವೆಂದರೆ ಪ್ರಯಾಣದಲ್ಲಿರುವವರು ಇಳಿದುಕೊಳ್ಳುವ ತಾಣ. ತಾತ್ಕಾಲಿಕವಾದ ಆ ಮಾತು ಒಬ್ಬ ಮಹಾವಿದ್ವಾಂಸರ ಹೆಸರಿನ ಮುಂದೆ ಶಾಶ್ವತವಾಗಿ ನಿಂತುಬಿಟ್ಟಿತು. ಎಳವೆಯಲ್ಲಿಯೇ ಬಡತನವನ್ನು ಕಂಡ ಹುಡುಗ ಮೈಸೂರನ್ನು ಸೇರಿದ. ಹಸಿದ ಹೊಟ್ಟೆಯಲ್ಲಿ ಗುಡಿಯೊಂದರ ಮುಂದೆ ದೇವರನಾಮ ಹಾಡುತ್ತಿದ್ದಾಗ ಒಬ್ಬ ಸಾಹುಕಾರರ ಕಿವಿಗೆ ಬಿದ್ದು, ಅವರಿಂದ ಶಿಕ್ಷಣದ ಏರ್ಪಾಡಾಯಿತೆಂದು ಹೇಳುತ್ತಾರೆ. ಮುಂದೆ ಆತ ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಕಚೇರಿಯ ವೇದಿಕೆಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಸ್ಥಾನ ಕೊಟ್ಟರು. ಮೈಸೂರಿನಲ್ಲಿ ರಾಮಮಂದಿರವನ್ನು ಕಟ್ಟಿಸಿದರು. ತೀರಿಕೊಂಡದ್ದು ೧೯೩೧ರಲ್ಲಿ.

ಮುದ್ದಣನೂ ಮೈಸೂರಿಗೆ ಹೋದನೆಂದೇ ಹೇಳಬೇಕು, ಆದರೆ ಅಂಚೆಯಲ್ಲಿ. ವ್ಯಾಯಾಮ ಶಿಕ್ಷಕನಾಗಿ ಈ ಕರಾವಳಿಯಲ್ಲಿಯೇ ಉಳಿದು, ತನ್ನ ಕೃತಿಗಳನ್ನು ಹಿಂದಿನ ಯಾರೋ ಕವಿಯದೆಂಬ ಸೋಗಿನಲ್ಲಿ ಮೈಸೂರಿನ ಗ್ರಂಥಮಾಲೆಗಳಿಗೆ ಕಳುಹಿಸಿದ. ಒಬ್ಬ ತಾನೇ ಹೋದ, ಒಬ್ಬ ಹಸ್ತಪ್ರತಿಯನ್ನು ಕಳುಹಿಸಿದ. ಒಂದೇ ಊರಿನ ಇಬ್ಬರಲ್ಲಿ ಹೊರಟವನಿಗೆ ಆಸ್ಥಾನ ದೊರೆಯಿತು. ಉಳಿದವನಿಗೆ ಬದುಕಿರುವಾಗ ಸ್ವಂತ ಹೆಸರೂ ದಕ್ಕಲಿಲ್ಲ. ಊರಿನಲ್ಲಿಯೇ ಉಳಿದ ನನ್ನಂಥವನಿಗೆ ಈ ಲೆಕ್ಕ ಅಷ್ಟೇನೂ ಹಿತವಾದುದಲ್ಲ. ಇದನ್ನೇ ಯೋಚಿಸುತ್ತಿದ್ದಾಗ ಮಂಗಳೂರು ಕಳೆದು, ಶಿರಾಡಿಯ ತಿರುವುಗಳಲ್ಲಿ ತಲೆ ಕಿಟಕಿಗೆ ಬಡಿಯುತ್ತ, ಹಾಸನದ ಚಳಿಯಲ್ಲಿ ಎಚ್ಚರವಾಗಿ, ಅಂತೂ ಬೆಳಗಾಗುವಾಗ ಮೆಜೆಸ್ಟಿಕ್ಕಿನಲ್ಲಿ ಇಳಿದೆ.

ಕಚೇರಿ ಇದ್ದುದು ಸಂಜೆ. ಬೆಳಗಿನಿಂದ ಸಂಜೆಯವರೆಗಿನ ಬೆಂಗಳೂರನ್ನು ಒಂಟಿಯಾಗಿ ಕಳೆಯುವುದು ಸುಲಭವಲ್ಲ. ಲಾಲ್‌ಬಾಗಿನ ಬಳಿ ಮಾವಳ್ಳಿ ಟಿಫಿನ್ ರೂಮ್ಸ್‌ನ ಮುಂದೆ ಮುಕ್ಕಾಲು ಗಂಟೆ ಕಾದು ದೋಸೆ ತಿಂದೆ. ೧೯೨೪ರಲ್ಲಿ ಅದನ್ನು ಆರಂಭಿಸಿದ ಮಯ್ಯ ಸಹೋದರರು ನಮ್ಮ ಸಾಲಿಗ್ರಾಮದ ಕಡೆಯ ಪಾರಂಪಳ್ಳಿಯವರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮೂಲಪುರುಷರೂ ಸಾಲಿಗ್ರಾಮದವರೇ. ನಮ್ಮ ಊರಿನ ಕೈಯ ದೋಸೆಗಾಗಿ ನಾನೂರು ಕಿಲೋಮೀಟರ್ ಬಂದು ಸರದಿಯಲ್ಲಿ ನಿಂತಂತಾಯಿತಲ್ಲ ಎಂದು ನಗು ಬಂತು. ಆದರೆ ತಿಂದದ್ದು ಊರಿನ ದೋಸೆಯಾಗಿರಲಿಲ್ಲ. ಕೃಷ್ಣಪ್ಪನವರ ಸಂಗೀತ ಮೈಸೂರಿನದಾದಂತೆ ಅದು ಬೆಂಗಳೂರಿನದಾಗಿತ್ತು. ಹೊರಟವರು ಊರನ್ನು ಜತೆಗೆ ಒಯ್ಯುತ್ತಾರೆ. ಒಯ್ದದ್ದು ಮೊದಲಿನಂತೆಯೇ ಉಳಿಯುವುದಿಲ್ಲ.

ಸಂಜೆ ಐದಕ್ಕೆ ಚೌಡಯ್ಯ ಸ್ಮಾರಕ ಭವನವನ್ನು ತಲುಪಿದೆ. ಮಲ್ಲೇಶ್ವರದ ಮಗ್ಗುಲಲ್ಲಿರುವ ಈ ಭವನವನ್ನು ೧೯೮೦ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ತಂತಿಗಳೂ ಬಿರಡೆಗಳೂ ಕಮಾನೂ ಎಲ್ಲವೂ ಇವೆ. ಪಿಟೀಲಿನ ಹೊಟ್ಟೆಯೊಳಗೆ ಸಾವಿರ ಜನ ಕೂಡುತ್ತಾರೆ. ತಿರುಮಕೂಡಲು ನರಸೀಪುರದ ಚೌಡಯ್ಯನವರು (೧೮೯೫–೧೯೬೭) ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು, ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಕೂಡಿಸಿದವರು ಅವರು. ಹಾಗೆಂದಮೇಲೆ ಪಡುಬಿದ್ರಿಯಲ್ಲಿ ಎಡಕ್ಕೆ ಒಡೆದ ಆ ಕತ್ತಲೆಯ ದಾರಿ ಈ ಭವನದ ಬಾಗಿಲಿಗೂ ಬಂದು ಮುಟ್ಟುತ್ತದೆ. ಈ ಯೋಚನೆಯಿಂದ ನನಗೆ ಸ್ವಲ್ಪ ಧೈರ್ಯ ಬಂತು. ಪರಸ್ಥಳವೆಂಬ ಸಂಕೋಚ ಕಳೆಯಿತು.

ಭಾಷಣಗಳು ಮುಗಿದು ಕಚೇರಿ ತೊಡಗುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ನನ್ನ ಬಸ್ಸು ಒಂಬತ್ತೂವರೆಗೆ. ಎಂಟೂಕಾಲಿಗಾದರೂ ಏಳದಿದ್ದರೆ ಆ ಊರಿನ ವಾಹನಗಳ ನಡುವೆ ಬಸ್ಸನ್ನು ಹಿಡಿಯುವಂತಿರಲಿಲ್ಲ. ಆಗಲೇ ನನಗೆ ತಾಯಿಯ ಮಾತು ನೆನಪಾಗಿ ಮುಳ್ಳು ಚುಚ್ಚಿದಂತಾಯಿತು.

ವೃದ್ಧ ಗಾಯಕರನ್ನು ಇಬ್ಬರು ಕೈಹಿಡಿದು ವೇದಿಕೆಗೆ ಕರೆತಂದರು. ವರ್ಣ ಮುಗಿಯುವವರೆಗೆ ಧ್ವನಿ ಕೂಡಲಿಲ್ಲ. ರೇಡಿಯೋದಲ್ಲಿ ಕೇಳಿದ ಆ ಕಂಠವೆಲ್ಲಿ ಎಂದು ನಾನು ಹುಡುಕುತ್ತಿದ್ದೆ. ಮುಖ್ಯವಾಗಿ ಅವರು ಎತ್ತಿಕೊಂಡದ್ದು ತೋಡಿ. ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಷಡ್ಜದಲ್ಲಿ ನಿಲ್ಲಲು ಹೋದಾಗ ಧ್ವನಿ ಒಡೆಯಿತು. ಮತ್ತೊಮ್ಮೆ ಏರಿದರು, ಮತ್ತೆ ಒಡೆಯಿತು. ಸಾವಿರ ಜನ ಉಸಿರು ಬಿಗಿಹಿಡಿದರು. ಆಗ ಪಿಟೀಲಿನ ಹುಡುಗಿ, ಇಪ್ಪತ್ತೈದು ದಾಟಿರಲಾರದು, ಅವರು ಬಿಟ್ಟ ಆ ಸ್ವರವನ್ನು ಮೆಲ್ಲಗೆ ಎತ್ತಿಕೊಂಡು, ತನ್ನದೆಂದು ಮೆರೆಸದೆ, ಅವರು ನಿಲ್ಲಬೇಕೆಂದಿದ್ದಷ್ಟು ಹೊತ್ತು ನಿಲ್ಲಿಸಿದಳು. ಮುದುಕರು ಕಣ್ಣು ತೆರೆದು ಅವಳತ್ತ ತಿರುಗಿ "ಭಲೆ" ಎಂದರು. ಅನಂತರ ಕೆಳಗಿನ ಸ್ಥಾಯಿಗೆ ಇಳಿದು, ಅಲ್ಲಿ, ತಗ್ಗಿದ ಧ್ವನಿಯಲ್ಲಿ, ನಾನು ಹಿಂದೆಂದೂ ಕೇಳದ ತೋಡಿಯನ್ನು ಹಾಡಿದರು. ಪಕ್ಕದಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಹಿರಿಯರೊಬ್ಬರ ಕೈ ತಾಳ ಮರೆತು ನಿಂತಿತ್ತು.

ಗಣಿತದ ಮಿತ್ರರಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಆಗ ದೊರೆಯಿತು. ಫೋನಿನಲ್ಲಿರುವುದು ಒಡೆಯದ ಧ್ವನಿ. ಒಡೆದದ್ದನ್ನು ಕತ್ತರಿಸಿ ತೆಗೆದಿರುತ್ತಾರೆ. ಒಡೆದ ಸ್ವರವನ್ನು ಇನ್ನೊಬ್ಬರು ಎತ್ತಿಕೊಳ್ಳುವುದನ್ನು ಕಾಣಬೇಕಾದರೆ ಅಲ್ಲಿಯೇ ಕುಳಿತಿರಬೇಕು.

ತನಿ ಆವರ್ತನ ಮುಗಿದಾಗ ಗಂಟೆ ಎಂಟು ಇಪ್ಪತ್ತು. ದೇವರನಾಮವೊಂದು ತೊಡಗಿತು. ನಾನು ಎದ್ದೆ. "ಇನ್ನೇನು ಮುಗಿಯಿತಲ್ಲ, ಮಂಗಳ ಕೇಳಿಕೊಂಡು ಹೋಗಿ" ಎಂದು ಪಕ್ಕದವರು ಪಿಸುದನಿಯಲ್ಲಿ ಹೇಳಿದರು. "ಬಸ್ಸಿದೆ" ಎಂದೆ. ಅವರು ಕಾಲನ್ನು ಸರಿಸಿ ದಾರಿ ಬಿಟ್ಟರು. ಬಾಗಿಲ ಬಳಿ ಒಂದು ಚರಣದಷ್ಟು ಹೊತ್ತು ನಿಂತೆ. ಅನಂತರ ರಸ್ತೆಯ ಗದ್ದಲ ಎಲ್ಲವನ್ನೂ ಮುಚ್ಚಿತು.

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ನೇರವಾಗಿ ತರಗತಿಗೆ ಹೋದೆ. ಪಾಠ ಮುದ್ದಣನದೇ. ಬಿಡಾರಂ ಕೃಷ್ಣಪ್ಪನವರ ಹೆಸರು ಕೇಳಿದವರು ಯಾರಿದ್ದೀರಿ ಎಂದೆ. ಯಾರೂ ಇರಲಿಲ್ಲ. ದಿನವೂ ಬೆಳ್ಮಣ್ಣಿನಿಂದ ಬರುವ ಹುಡುಗನೊಬ್ಬ ಮಾತ್ರ ಆ ಹೆಸರನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ.

ಮಧ್ಯಾಹ್ನ ಮನೆಗೆ ಬಂದಾಗ ತಾಯಿ ಕಾದು ಕುಳಿತಿದ್ದರು. ಹಾಡಿದ್ದೆಲ್ಲವನ್ನೂ ಕ್ರಮವಾಗಿ ಹೇಳಿಸಿಕೊಂಡರು. ಕೊನೆಗೆ, "ಮಂಗಳಕ್ಕೆ ಯಾವುದನ್ನು ಹಾಡಿದರು?" ಎಂದರು. ಕಚೇರಿಗಳೆಲ್ಲ ಮುಗಿಯುವುದು ಎರಡು ಮೂರು ಮಂಗಳಗಳಲ್ಲಿ. ಊಹಿಸಿ ಹೇಳಿದ್ದರೆ ನಡೆಯುತ್ತಿತ್ತು. ನಾಲಗೆ ಅದಕ್ಕೆ ಸಿದ್ಧವೂ ಆಗಿತ್ತು.

"ಕೇಳಲಿಲ್ಲ ಅಮ್ಮ. ಬಸ್ಸಿಗೆ ತಡವಾಗುತ್ತಿತ್ತು, ಎದ್ದು ಬಂದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸ್ವರ ಹೇಗಿತ್ತು?" ಎಂದು ಕೇಳಿದರು.

"ಮೇಲೆ ಹೋದಾಗ ಒಡೆಯುತ್ತಿತ್ತು."

"ಅವರಿಗೂ ಒಡೆಯಿತೆ!" ಎಂದು ತಾಯಿ ನಕ್ಕರು. ಆ ನಗುವಿನಲ್ಲಿ ಎಂಥದೋ ಸಮಾಧಾನವಿತ್ತು.

ಮುಸ್ಸಂಜೆ ದೀಪ ಹಚ್ಚಿ ಅವರು ಎಂದಿನಂತೆ ಮಂಗಳ ಹಾಡಿದರು. ಆ ಹೊತ್ತಿನಲ್ಲಿ ನಾನು ಹೆಚ್ಚಾಗಿ ಉತ್ತರಪತ್ರಿಕೆಗಳ ಮುಂದೆ ಇರುತ್ತೇನೆ. ಅಂದು ಚಾವಡಿಯ ಕಂಬಕ್ಕೆ ಒರಗಿ ಕುಳಿತೆ. ಕೊನೆಯ ಚರಣದಲ್ಲಿ ಧ್ವನಿ ಮೇಲೇರುವಾಗ ಒಡೆಯಿತು. ಎತ್ತಿಕೊಳ್ಳಲು ನನ್ನಲ್ಲಿ ಪಿಟೀಲಿರಲಿಲ್ಲ, ಕಂಠವೂ ಇಲ್ಲ. ಆರತಿಯ ತಟ್ಟೆಯನ್ನು ಅವರು ಕೆಳಗಿಡುವವರೆಗೂ ನಾನು ಏಳಲಿಲ್ಲ.