ನಮ್ಮ ಅವಳಿ ಊರುಗಳಲ್ಲಿ ನೋಡತಕ್ಕವುಗಳು

ರಜೆ ಬಂತೆಂದರೆ ಮಕ್ಕಳನ್ನು ಮೈಸೂರಿಗೋ ಮುಂಬಯಿಗೋ ಕರೆದೊಯ್ಯುವ ಪಾಲಕರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಒಮ್ಮೆಯಾದರೂ ತೋರಿಸಿರುವರೇ ಎಂದು ಕೇಳಬೇಕೆನಿಸುತ್ತದೆ. 1939ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಈಗ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿರುತ್ತದೆ. ಶಾಸನಗಳೂ ಶಿಲ್ಪಗಳೂ ತಾಳೆಯೋಲೆಯ ಗ್ರಂಥಗಳೂ ಅಲ್ಲಿ ಉಂಟು.

ಆದರೆ ನೋಡುವ ಕ್ರಮವನ್ನರಿಯದವರಿಗೆ ಅವು ಬರಿಯ ಕಲ್ಲುಗಳು. ವೀರಗಲ್ಲನ್ನೇ ತೆಗೆದುಕೊಳ್ಳಿರಿ. ಅದನ್ನು ಪುಸ್ತಕದಂತೆ ಮೇಲಿನಿಂದಲ್ಲ, ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಯುದ್ಧವೋ ತುರುಗಳ ರಕ್ಷಣೆಯೋ ಇರುವದು. ನಡುವೆ ಅಪ್ಸರೆಯರು ಮಡಿದವನನ್ನು ಕೊಂಡೊಯ್ಯುವರು. ಮೇಲೆ ಅವನು ದೇವಸನ್ನಿಧಿಯಲ್ಲಿರುವನು. ಪಟ್ಟಿಗಳ ನಡುವಣ ಅಂಚಿನಲ್ಲಿ ಅಕ್ಷರಗಳಿದ್ದರೆ ಹೆಸರು, ಊರು, ಕಾಲಗಳು ದೊರೆಯಬಹುದು. ಊರ ದನಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನ ಹೆಸರನ್ನೂ ನಮ್ಮ ಪೂರ್ವಿಕರು ಕಲ್ಲಿನಲ್ಲಿ ಬರೆಯಿಸಿದರು. ಅರಸರ ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿದ ಹುಡುಗಿಯರು ಇದನ್ನು ಕಣ್ಣಾರೆ ಕಾಣಬೇಡವೇ?

ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವು ಸಮೀಪವೇ ಇದೆ. ಅದು ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡವು. 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವು ಕಿರಿಯರಿಗೆ ಹೆಚ್ಚು ರುಚಿಸೀತು, ಅವರ ತಂದೆಯವರಿಗೂ!

ಹೊರಡುವ ಮೊದಲು ತೆರೆದಿರುವ ವೇಳೆಯನ್ನು ವಿಚಾರಿಸಿರಿ. ಮಕ್ಕಳ ಕೈಯಲ್ಲಿ ಪೆನ್ಸಿಲು ಕಾಗದಗಳಿರಲಿ. ಶಾಸನದ ಅಕ್ಷರ ಕಾಣಲೆಂದು ಕಲ್ಲಿನ ಮೇಲೆ ಸೀಮೆಸುಣ್ಣವನ್ನು ಮಾತ್ರ ಯಾರೂ ಉಜ್ಜಬಾರದು.