ಸವಕಳಿಯ ಲೆಕ್ಕ: ವಯಸ್ಸಿನದೋ, ಓಟದ್ದೋ?

ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 20 ವರ್ಷ ದಾಟಿದ ಮೋಟಾರ್ ಸೈಕಲ್‌ನ ನೋಂದಣಿ ನವೀಕರಣಕ್ಕೆ 2,000 ರೂಪಾಯಿ ಶುಲ್ಕ ತೆರಬೇಕು. 2022ರ ಏಪ್ರಿಲ್‌ಗೆ ಮುಂಚೆ ಈ ಶುಲ್ಕ 300 ರೂಪಾಯಿ ಇತ್ತು. ಆಗ 1,000 ರೂಪಾಯಿಗೆ ಏರಿ, ಈಗ ಹಳೆಯ ಗಾಡಿಗಳ ಪಾಲಿಗೆ ಇಮ್ಮಡಿಯಾಗಿದೆ. ಮೊತ್ತ ದೊಡ್ಡದೇನಲ್ಲ ಎಂದು ಅನುಕೂಲಸ್ಥರು ಹೇಳಬಹುದು. ಆದರೆ ಇಲ್ಲಿ ಮೊತ್ತಕ್ಕಿಂತ ಮುಖ್ಯವಾದುದು ಅದರ ಹಿಂದಿರುವ ಗ್ರಹಿಕೆ. ಯಂತ್ರದ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸಬಹುದು, ಹಳೆಯದೆಲ್ಲವೂ ಸವೆದದ್ದೇ ಎಂಬ ಈ ಗ್ರಹಿಕೆ ಎಷ್ಟು ಸರಿ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಳಿಕ ಸಹಕಾರ ಸಂಘಗಳ ಲೆಕ್ಕಪತ್ರಗಳನ್ನು ತಪಾಸಣೆ ಮಾಡಿದ ಅಧಿಕಾರಿಯಾಗಿ, 'ಸವಕಳಿ' ಎಂಬ ಪದದೊಡನೆ ನನಗೆ ಹಳೆಯ ನಂಟು. ನಮ್ಮ ಭಾಷೆಯಲ್ಲಿ ಈ ಒಂದೇ ಪದಕ್ಕೆ ಎರಡು ಬಾಳು. ಲೆಕ್ಕದ ಪುಸ್ತಕದಲ್ಲಿ ಅದು ಆಸ್ತಿಯ ಬೆಲೆಯಿಂದ ವರ್ಷಕ್ಕಿಷ್ಟು ಎಂದು ಕಳೆಯುವ ಅಂಕಿ. ಗ್ಯಾರೇಜಿನಲ್ಲಿ ಅದು ಲೋಹಕ್ಕೆ ಲೋಹ ಉಜ್ಜಿ ತೆಳುವಾಗುವ ನಿಜವಾದ ಕ್ರಿಯೆ. ಮೊದಲನೆಯದು ಲೆಕ್ಕಿಗನ ಅನುಕೂಲಕ್ಕಾಗಿ ಮಾಡಿಕೊಂಡ ಅಂದಾಜು, ಎರಡನೆಯದು ವಸ್ತುಸ್ಥಿತಿ. ನಮ್ಮ ಸಾರಿಗೆ ನೀತಿ ಅಂದಾಜನ್ನೇ ವಸ್ತುಸ್ಥಿತಿ ಎಂದು ಭಾವಿಸಿದೆ.

ಇದನ್ನು ಪರೀಕ್ಷಿಸಲು ದೂರಪ್ರಯಾಣದ ಮೋಟಾರ್ ಸೈಕಲ್‌ಗಳಿಗಿಂತ ಉತ್ತಮ ಉದಾಹರಣೆ ಸಿಗದು. ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ 1985ರಿಂದ 1995ರವರೆಗೆ 1980ರ ಮಾದರಿಯ ಹೋಂಡಾ ಗೋಲ್ಡ್ ವಿಂಗ್ ಏರಿ ಜಗತ್ತನ್ನು ಸುತ್ತಿದರು. ಕ್ರಮಿಸಿದ ದೂರ 7.35 ಲಕ್ಷ ಕಿಲೋಮೀಟರ್. ಗಿನ್ನೆಸ್ ದಾಖಲೆಯಲ್ಲಿ ಇದು ಸೇರಿದೆ. ವರ್ಷಕ್ಕೆ 10,000 ಕಿ.ಮೀ. ಓಡಿಸುವ ನಮ್ಮಂಥವರಿಗೆ ಇಷ್ಟು ದೂರ ಹೋಗಲು 70 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಈ ಬಾಳಿಕೆಯಲ್ಲಿ ಪವಾಡವೇನೂ ಇಲ್ಲ. ದೊಡ್ಡ ಇಂಜಿನ್ ಹೆದ್ದಾರಿಯಲ್ಲಿ ತನ್ನ ಶಕ್ತಿಯ ಒಂದು ಭಾಗವನ್ನಷ್ಟೇ ಬಳಸಿ ನಿರಾಯಾಸವಾಗಿ ಓಡುತ್ತದೆ. ನೀರಿನಿಂದ ತಂಪಾಗುವ ಕಾರಣ ಅದರ ತಾಪ ಹತೋಟಿಯಲ್ಲಿರುತ್ತದೆ. ಹಿಂದಿನ ಚಕ್ರಕ್ಕೆ ಚೈನಿನ ಬದಲು ಶಾಫ್ಟ್ ಇರುವುದರಿಂದ ಧೂಳಿಗೂ ಮಳೆಗೂ ತೆರೆದುಕೊಂಡ ಭಾಗ ಕಡಿಮೆ. ಉಳಿದುದೆಲ್ಲ ಕಾಲಕಾಲಕ್ಕೆ ಆಯಿಲ್ ಬದಲಿಸುವ ಶಿಸ್ತು.

ಇಂಜಿನ್ ಸವೆಯುವುದರಲ್ಲಿ ಬಹುಪಾಲು ತಣ್ಣಗಿದ್ದಾಗ ಚಾಲೂ ಮಾಡುವ ಹೊತ್ತಿನಲ್ಲಿ, ಆಯಿಲ್ ಎಲ್ಲ ಭಾಗಗಳಿಗೂ ಹರಡಿ ಬಿಸಿಯೇರುವ ಮೊದಲು ನಡೆಯುತ್ತದೆ. ಬೆಳಿಗ್ಗೆ ಒಮ್ಮೆ ಚಾಲೂ ಮಾಡಿ 300 ಕಿ.ಮೀ. ಹೋಗುವ ಗಾಡಿಗೆ ಈ ಗಂಡಾಂತರ ದಿನಕ್ಕೊಂದು ಬಾರಿ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಎರಡೆರಡು ಕಿ.ಮೀ. ಓಡಿ ನಿಲ್ಲುವ ಗಾಡಿಗೆ ದಿನಕ್ಕೆ ಹತ್ತು ಬಾರಿ. ಸಣ್ಣ ಓಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ, ಒಳಗೆ ಕೂಡಿದ ತೇವವೂ ಅರೆಬೆಂದ ಪೆಟ್ರೋಲೂ ಆಯಿಲಿಗೆ ಸೇರುತ್ತವೆ. ಹೀಗಾಗಿ ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಕಂಡ ಗಾಡಿ, ನಗರದಲ್ಲಿ 30,000 ಕಿ.ಮೀ. ಓಡಿದ್ದಕ್ಕಿಂತ ಆರೋಗ್ಯವಾಗಿರುವುದು ಅಪರೂಪವಲ್ಲ.

ಹಾಗೆಂದು ಕಾಲದ ಹೊಡೆತವೇ ಇಲ್ಲವೆಂದಲ್ಲ. ನಿಂತೇ ಇರುವ ಗಾಡಿಯ ಟ್ಯಾಂಕಿನಲ್ಲಿ ತುಕ್ಕು, ಕಾರ್ಬ್ಯುರೇಟರಿನಲ್ಲಿ ಅಂಟು. ಟೈರಿನ ರಬ್ಬರ್ ಬಿರುಸಾಗುತ್ತದೆ, ಆಯಿಲ್ ಸೀಲುಗಳು ಒಣಗುತ್ತವೆ, ಬ್ರೇಕಿನ ದ್ರವ ತೇವ ಹೀರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಕಾಲ ತಿನ್ನುವ ಭಾಗಗಳು ಬಹುತೇಕ ಅಗ್ಗದವು, ಬದಲಿಸಬಹುದಾದವು. ದೂರ ತಿನ್ನುವ ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್, ಹ್ಯಾಂಡಲ್‌ನ ಕೋನ್ ಸೆಟ್, ಚಕ್ರದ ಬೇರಿಂಗ್‌ಗಳೂ ಹಾಗೆಯೇ. ಕೊನೆಗೆ ಬರುವುದು ಪಿಸ್ಟನ್, ರಿಂಗ್, ಕ್ರ್ಯಾಂಕ್‌ಗಳ ಸರದಿ. ಗಾಡಿಯ ಆಯುಷ್ಯ ಮುಗಿಯಿತೆಂದು ಹೇಳುವುದು ಈ ಹಂತದಲ್ಲಿ. ಆದರೆ ಇಲ್ಲಿಯೂ ಪ್ರಶ್ನೆ ಇಂಜಿನ್ ಸವೆದಿದೆಯೇ ಎಂಬುದಲ್ಲ. ಸವೆದ ಭಾಗ ಇನ್ನೂ ದೊರೆಯುತ್ತದೆಯೇ ಎಂಬುದು.

ನಮ್ಮ ಮೈಸೂರಿನ ಯೆಜ್ಡಿ ಇದಕ್ಕೆ ಸಾಕ್ಷಿ. ಚೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನದೊಂದಿಗೆ 1961ರಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 1986ರಲ್ಲಿ ಸರ್ಕಾರಿ ಮುಂಗಡ ಪಡೆದು ನಾನು ಕೊಂಡ ಯೆಜ್ಡಿ 250, ಚಿತ್ರದುರ್ಗ, ಶಿವಮೊಗ್ಗ ಜಿಲ್ಲೆಗಳ ಸಹಕಾರ ಸಂಘಗಳಿಗೆ ನನ್ನನ್ನು ಹೊತ್ತೊಯ್ದಿತು. ಪ್ರವಾಸ ದಿನಚರಿ ಬರೆಯುವ ನಿಯಮವಿದ್ದುದರಿಂದ ಗಾಡಿಯ ಲೆಕ್ಕವೂ ಉಳಿದಿದೆ: 14 ವರ್ಷಗಳಲ್ಲಿ 1.3 ಲಕ್ಷ ಕಿ.ಮೀ., ಎರಡು ಬಾರಿ ಸಿಲಿಂಡರ್ ಬೋರಿಂಗ್, ಒಮ್ಮೆ ಕ್ರ್ಯಾಂಕ್ ಕೆಲಸ. ಎರಡು ಬಾರಿಯೂ ಸಿಲಿಂಡರನ್ನು ಲೇತಿನಲ್ಲಿ ತುಸು ಹಿಗ್ಗಿಸಿ, ಅದಕ್ಕೆ ಹೊಂದುವ ಪಿಸ್ಟನ್ ಕೂರಿಸಿದರೆ ಇಂಜಿನ್ ಮತ್ತೆ ಹೊಸದರಂತಾಯಿತು. ಇಡೀ ಚೈನನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟಿದ್ದರಿಂದ ಕೆಮ್ಮಣ್ಣಿನ ರಸ್ತೆಗಳಲ್ಲೂ ಅದು ಬಹುಕಾಲ ಬಾಳಿತು. ಕಾರ್ಖಾನೆ ಮುಚ್ಚಿದ ನಂತರವೂ ಈ ಗಾಡಿಗಳು ಉಳಿದುದಕ್ಕೆ ಕಾರಣ ಸರಳ ರಚನೆ, ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳು ಮತ್ತು ಅವುಗಳ ಸದ್ದು ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್‌ಗಳು.

ಬುಲೆಟ್‌ನ ಕಥೆಯೂ ಭಿನ್ನವಲ್ಲ. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅದರ ತಯಾರಿಕೆಯಲ್ಲಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಬೇರೆಯಾಗಿದ್ದ ಮೂಲ ವಿನ್ಯಾಸ 2009ರ ಸುಮಾರಿನವರೆಗೆ ಮುಂದುವರಿಯಿತು. ಆ ಇಂಜಿನ್ ಆಯಿಲ್ ಸೋರುತ್ತಿತ್ತು, ಪಾಯಿಂಟ್ ಹೊಂದಿಸದಿದ್ದರೆ ಮೊಂಡು ಹಿಡಿಯುತ್ತಿತ್ತು. ಕೆಡದ ಯಂತ್ರವೆಂದು ಅದನ್ನು ಯಾರೂ ಹೊಗಳಲಾರರು. ಆದರೂ ಹಿಮಾಲಯದ ದಾರಿಯಲ್ಲಿ ಸವಾರರು ಅದನ್ನೇ ನಂಬಿದರು. ಅರ್ಧ ಶತಮಾನ ಒಂದೇ ವಿನ್ಯಾಸ ಉಳಿದ ಕಾರಣ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಊರೂರಲ್ಲಿ ಇದ್ದವು. ವಿಶ್ವಾಸಾರ್ಹತೆಗೆ ಹೀಗೆ ಎರಡು ಮುಖ: ಕೆಡದೇ ಇರುವುದು ಒಂದು, ಕೆಟ್ಟರೆ ಸರಿಪಡಿಸಲು ಸಾಧ್ಯವಾಗುವುದು ಇನ್ನೊಂದು.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಮೊದಲ ಮುಖ ಬೆಳಗಿದೆ, ಎರಡನೆಯದು ಮಂಕಾಗಿದೆ. ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲನ್ನು ಅಳೆದು ಕೊಡುವುದರಿಂದ ಸಿಲಿಂಡರಿನ ಸವಕಳಿ ತಗ್ಗಿದೆ, ಹೊಗೆಯೂ ತಗ್ಗಿದೆ. ಇದು ಸ್ವಾಗತಾರ್ಹ. ಆದರೆ ಬೆರಳ ಗಾತ್ರದ ಒಂದು ಸೆನ್ಸರ್ ಕೈಕೊಟ್ಟರೆ ಗಟ್ಟಿಮುಟ್ಟಾದ ಇಂಜಿನ್ ಕೂಡ ರಸ್ತೆಬದಿಯಲ್ಲಿ ಮೂಕವಾಗುತ್ತದೆ. ದೋಷ ಓದುವ ಸ್ಕ್ಯಾನರ್ ಬೀದಿಯ ಮೆಕ್ಯಾನಿಕ್ ಬಳಿ ಇರುವುದಿಲ್ಲ. ನನ್ನ ಈಗಿನ ಗಾಡಿಯ ಸ್ಪೀಡೊಮೀಟರಿನಲ್ಲಿ ಸಣ್ಣ ದೋಷ ಕಂಡಾಗ, ಒಳಗಿನ ಭಾಗ ಬಿಡಿಯಾಗಿ ಸಿಗದು, ಇಡೀ ಅಸೆಂಬ್ಲಿಯನ್ನೇ ಕೊಳ್ಳಬೇಕು ಎಂದು ಮಾರಾಟಗಾರರು ತಿಳಿಸಿದರು. ಅದು ಬರಲು ಹತ್ತು ವಾರ ಹಿಡಿಯಿತು. ಗಾಡಿಗೆ ಆಗ ಎಂಟು ವರ್ಷ. ಇಂಜಿನ್‌ಗೆ ಯಾವ ಬಾಧೆಯೂ ಇರಲಿಲ್ಲ. ನಾಳಿನ ಮೋಟಾರ್ ಸೈಕಲ್‌ಗಳು ಸವೆದು ಸಾಯುವುದಿಲ್ಲ, ಬಿಡಿಭಾಗವಿಲ್ಲದೆ ಸಾಯುತ್ತವೆ.

ಹಾಗಾದರೆ ಸರ್ಕಾರ ಮಾಡಬೇಕಾದುದೇನು? ಮೊದಲನೆಯದಾಗಿ, ಓಡೊಮೀಟರ್ ಅಂಕಿಯನ್ನು ಸಾರ್ವಜನಿಕ ದಾಖಲೆಯಾಗಿಸಬೇಕು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ವಾಹನಗಳಿಗೆ ಪ್ರತಿವರ್ಷ ನಡೆಯುವ ಎಂಒಟಿ ತಪಾಸಣೆಯಲ್ಲಿ ಓಡಿದ ದೂರವನ್ನು ಬರೆದಿಡುತ್ತಾರೆ. ನೋಂದಣಿ ಸಂಖ್ಯೆ ಹಾಕಿ ಯಾರೂ ಅದನ್ನು ನೋಡಬಹುದು. ನಮ್ಮಲ್ಲಿಯೂ ಹೊಗೆ ತಪಾಸಣೆಗೆ ಗಾಡಿ ಹೋಗುವಾಗಲೆಲ್ಲ ಈ ಅಂಕಿಯನ್ನು ದಾಖಲಿಸಲು ಹೊಸ ಕಚೇರಿ ಬೇಕಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವ ದಂಧೆಗೆ ಇದರಿಂದ ಕಡಿವಾಣ ಬೀಳುತ್ತದೆ. ಎರಡನೆಯದಾಗಿ, ಒಂದು ಮಾದರಿಯ ಉತ್ಪಾದನೆ ನಿಂತ ಮೇಲೂ ನಿಗದಿತ ವರ್ಷಗಳವರೆಗೆ ಬಿಡಿಭಾಗ ಮತ್ತು ದೋಷ ಪತ್ತೆಯ ಮಾಹಿತಿಯನ್ನು ಒದಗಿಸುವುದು ತಯಾರಕರ ಹೊಣೆಯಾಗಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿದಾಗ ವಾಹನ ವಲಯವನ್ನೂ ಅದರ ವ್ಯಾಪ್ತಿಗೆ ತಂದಿತ್ತು. ಆ ಆಶಯಕ್ಕೆ ಕಾನೂನಿನ ಬಲ ಬೇಕು. ಮೂರನೆಯದಾಗಿ, ಶುಲ್ಕ ವಯಸ್ಸನ್ನಲ್ಲ, ತಪಾಸಣೆಯ ಫಲಿತಾಂಶವನ್ನು ಅನುಸರಿಸಬೇಕು.

ಹಳೆಯ ಗಾಡಿಗಳ ಪರ ವಾದಿಸುವವರು ಒಂದನ್ನು ಒಪ್ಪಲೇಬೇಕು. ಅವುಗಳಲ್ಲಿ ಎಬಿಎಸ್ ಇಲ್ಲ. 2019ರ ಏಪ್ರಿಲ್‌ನಿಂದಷ್ಟೇ 125 ಸಿಸಿ ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಅದು ಕಡ್ಡಾಯವಾಯಿತು. ಪೆಟ್ರೋಲಿನೊಡನೆ ಆಯಿಲನ್ನೂ ಸುಡುವ ಯೆಜ್ಡಿಯಂಥ ಟೂ-ಸ್ಟ್ರೋಕ್ ಇಂಜಿನ್‌ಗಳ ಹೊಗೆ ನಗರದ ಶ್ವಾಸಕ್ಕೆ ಹಿತವಲ್ಲ. ಇಂಥವುಗಳನ್ನು ಜನನಿಬಿಡ ಪ್ರದೇಶಗಳಿಂದ ದೂರವಿಡುವುದು ತಪ್ಪಲ್ಲ. ಆದರೆ ಆ ನಿರ್ಧಾರ ಹೊಗೆಯನ್ನು ಅಳೆದು, ಬ್ರೇಕನ್ನು ಪರೀಕ್ಷಿಸಿ ಬರಬೇಕೇ ಹೊರತು ನೋಂದಣಿ ಪತ್ರದ ತಾರೀಖು ನೋಡಿ ಅಲ್ಲ. ಪ್ರತಿ ಐದು ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸಿದವನನ್ನೂ ಐದು ವರ್ಷ ಗಾಡಿಯತ್ತ ತಿರುಗಿ ನೋಡದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಜೋಪಾನ ಮಾಡುವವನಿಗೆ ಸಿಗುವ ಸಂದೇಶವೇನು?

ಈ ಲೆಕ್ಕದ ಭಾರ ಕೊನೆಗೆ ಬೀಳುವುದು ಎರಡನೆಯ, ಮೂರನೆಯ ಕೈಯಾಗಿ ಗಾಡಿ ಕೊಳ್ಳುವವರ ಮೇಲೆ. ದಿನಕ್ಕೆ ನೂರಾರು ಕಿ.ಮೀ. ಸುತ್ತುವ ಔಷಧ ಕಂಪನಿಯ ಪ್ರತಿನಿಧಿ, ಸಂತೆಯಿಂದ ಸಂತೆಗೆ ಹೋಗುವ ಬಟ್ಟೆ ವ್ಯಾಪಾರಿ, ಹಳ್ಳಿಗಳಿಗೆ ಹೋಗಿ ಪಂಪ್‌ಸೆಟ್ ರಿಪೇರಿ ಮಾಡುವವರು ಇವರೆಲ್ಲರ ದುಡಿಮೆಯ ಬಂಡವಾಳ ಒಂದು ಹಳೆಯ ಮೋಟಾರ್ ಸೈಕಲ್. ಅದು ಎಷ್ಟು ದೂರ ಓಡಿದೆ, ಹೇಗೆ ಓಡಿದೆ, ಅದರ ಭಾಗ ಮುಂದೆಯೂ ಸಿಗುತ್ತದೆಯೇ ಎಂಬುದನ್ನು ತಿಳಿಯುವ ಹಕ್ಕು ಅವರಿಗಿದೆ. ಆ ಮೂರು ಪ್ರಶ್ನೆಗಳಿಗೆ ಉತ್ತರ ಒದಗಿಸಿದ ನಂತರ ಸರ್ಕಾರ ಗಾಡಿಯ ವಯಸ್ಸನ್ನು ಕೇಳಲಿ.