ನುರಿತ ಕೈಯ ಹಿಂದಿನ ಮನಸ್ಸು

ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾತೀರಕ್ಕೆ ಸಮೀಪದ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಎಡೆಬಿಡದೆ ಕೇಳಿಬರುವ ಮಗ್ಗದ ಸದ್ದು ಅನ್ಯರ ಕಿವಿಗೆ ಬರಿಯ ಗದ್ದಲವಾದರೆ, ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ವಿದ್ಯುತ್ ಮಗ್ಗಗಳನ್ನು ನೋಡಿಕೊಳ್ಳುವ ನೇಕಾರನಿಗೆ ಅದೊಂದು ಸಮಾಚಾರ. ಲಯದಲ್ಲಿ ತುಸು ವ್ಯತ್ಯಾಸವಾದೊಡನೆ, ಯಾವ ಮಗ್ಗ ಕೆಟ್ಟು ನಿಲ್ಲಲಿದೆಯೆಂಬುದನ್ನು ಅವನು ಕಣ್ಣಿಗಿಂತ ಮೊದಲು ಕಿವಿಯಿಂದ ಊಹಿಸಬಲ್ಲನು. ಅದು ತಿಳಿದದ್ದು ಹೇಗೆಂದು ಕೇಳಿದರೆ, "ಕೆಲಸಾ ಮಾಡ್ಕೋತ ಬಂದ್ರ ತಾನಾ ತಿಳಿತೈತ್ರಿ" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ವಿರಳ. ಇದು ಗುಟ್ಟನ್ನು ಬಚ್ಚಿಡುವ ಮಾತಲ್ಲ. ನುರಿತವರ ಮನೋವ್ಯಾಪಾರದ ಯಥಾರ್ಥವಾದ ವರ್ಣನೆ.

ದೀರ್ಘಾಭ್ಯಾಸದಿಂದ ಪಕ್ವವಾದ ವಿದ್ಯೆಯು ಕ್ರಮೇಣ ಪ್ರಜ್ಞೆಯ ಅಂಕೆಯನ್ನು ಮೀರಿ ಸಂಸ್ಕಾರವಾಗಿ ನೆಲೆಸುತ್ತದೆ. ಕೆಲವೇ ಕ್ಷಣ ಚದುರಂಗದ ಹಲಗೆಯನ್ನು ಕಂಡ ಪ್ರವೀಣನು ಕಾಯಿಗಳನ್ನು ಬಹುಮಟ್ಟಿಗೆ ತಪ್ಪಿಲ್ಲದೆ ನೆನಪಿನಿಂದ ಜೋಡಿಸುವನೆಂಬುದನ್ನು ಡಚ್ ಮನಶ್ಶಾಸ್ತ್ರಜ್ಞ ಅಡ್ರಿಯಾನ್ ಡಿ ಗ್ರೂಟರು 1946ರ ತಮ್ಮ ಪ್ರಬಂಧದಲ್ಲಿ ತೋರಿಸಿದರು; 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ನರು ಕಾಯಿಗಳನ್ನು ಆಟದ ನಿಯಮವಿಲ್ಲದೆ ಅಡ್ಡಾದಿಡ್ಡಿಯಾಗಿಟ್ಟು ಪರೀಕ್ಷಿಸಿದಾಗ ಆ ಮೇಲ್ಮೆ ಬಹುತೇಕ ಅಳಿದುಹೋಯಿತು. ಎಂದ ಮೇಲೆ ಪ್ರವೀಣನ ಅತಿಶಯವಿರುವುದು ಧಾರಣಶಕ್ತಿಯಲ್ಲಲ್ಲ, ಬಿಡಿಬಿಡಿಯಾದುದನ್ನು ಅರ್ಥವುಳ್ಳ ಗುಂಪುಗಳಾಗಿ ಕಾಣುವ ದೃಷ್ಟಿಯಲ್ಲಿ. ತಾನು ಹಾಗೆ ಕಾಣುತ್ತಿರುವೆನೆಂಬುದು ಅವನಿಗೇ ಕಾಣದಿರುವುದರಿಂದ, ಶಿಷ್ಯನಿಗೆ ಹೇಳಿಕೊಡುವಾಗ ಅತ್ಯಾವಶ್ಯಕವಾದ ಅಂಶವೇ ಬಿಟ್ಟುಹೋಗುವ ಸಂಭವವುಂಟು.

ಹೀಗೆ ಅಡಗಿರುವ ಅರಿವನ್ನು ಹೊರತೆಗೆಯುವ ಶಾಸ್ತ್ರಕ್ಕೆ ಜ್ಞಾನಾತ್ಮಕ ಕಾರ್ಯವಿಶ್ಲೇಷಣೆ ಎನ್ನಬಹುದು. ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ನಿರ್ಣಾಯಕ ಪ್ರಸಂಗಗಳ ವಿಧಾನವನ್ನು ಮುಂದುವರಿಸಿ, ಅಮೆರಿಕದ ಗ್ಯಾರಿ ಕ್ಲೈನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಗ್ನಿಶಾಮಕ ದಳದ ಅನುಭವಿ ನಾಯಕರನ್ನು ಸಂದರ್ಶಿಸಿದರು. ಹಲವು ಉಪಾಯಗಳನ್ನು ಎದುರಿಗಿಟ್ಟು ತೂಗಿನೋಡುವ ಗೊಡವೆಗೆ ಹೋಗದೆ, ಸನ್ನಿವೇಶ ಯಾವ ಜಾತಿಯದೆಂದು ಗುರುತಿಸಿದೊಡನೆ ಮೊದಲು ಹೊಳೆದ ಕ್ರಮವನ್ನೇ ಮನಸ್ಸಿನಲ್ಲಿ ನಡೆಸಿನೋಡಿ ಕೈಗೊಳ್ಳುವುದು ಆ ನಾಯಕರ ರೂಢಿಯೆಂದು ಅವರಿಗೆ ಕಂಡುಬಂತು. ಬೆತ್ ಕ್ರಾಂಡಲ್ಲರ ತಂಡವು ಇದೇ ಬಗೆಯಿಂದ ನವಜಾತ ಶಿಶುಗಳ ತೀವ್ರನಿಗಾ ಘಟಕದ ದಾದಿಯರನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಕ್ತದ ಸೋಂಕಿನ ಸೂಚನೆಗಳಾಗಿ ಆ ದಾದಿಯರು ಬಲ್ಲ ಕೆಲವು ಲಕ್ಷಣಗಳು ಅಂದಿನ ವೈದ್ಯಗ್ರಂಥಗಳಲ್ಲೇ ಇರಲಿಲ್ಲವೆಂಬುದು ಬೆಳಕಿಗೆ ಬಂದಿತು.

ಈ ವಿಧಾನದ ಸತ್ತ್ವವೆಲ್ಲ ಪ್ರಶ್ನೆಯ ರೂಪದಲ್ಲಿದೆ. "ನೇಯುವುದು ಹೇಗೆ?" ಎಂದರೆ ಎಲ್ಲರೂ ಬಲ್ಲ ಪಾಠ ದೊರಕುತ್ತದೆ, "ಹಾಸಿನ ಎಳೆ ಮೇಲಿಂದ ಮೇಲೆ ಕಡಿದ ಆ ದಿನ ನೀವು ಮೊದಲು ಗಮನಿಸಿದ್ದೇನು, ಮುಂದೇನಾದೀತೆಂದು ಎಣಿಸಿದಿರಿ, ಹೊಸಬನಾಗಿದ್ದರೆ ಎಲ್ಲಿ ಎಡವುತ್ತಿದ್ದ?" ಎಂದರೆ ಅನುಭವವೇ ಮಾತನಾಡತೊಡಗುತ್ತದೆ.

ಹೀಗೆ ಅಡಗಿರುವ ಅರಿವಿಗೆ ನಿದರ್ಶನವಾಗಿ ಇದೇ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ನೋಡಬಹುದು. ಅದರಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆಯಾಗಿದ್ದು, ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುವುದರಿಂದ, ಒಂದೊಂದು ಸೀರೆಗೂ ಒಂದೊಂದು ಹಾಸನ್ನೇ ಅಣಿಮಾಡಬೇಕು. ಒಡಲು ಹತ್ತಿಯದೂ ಸೆರಗು ರೇಷ್ಮೆಯದೂ ಆದಲ್ಲಿ ಎರಡು ನೂಲುಗಳ ಸ್ವಭಾವವೂ ಭಿನ್ನ: ತೇವದಿಂದ ಹತ್ತಿಯ ಎಳೆ ಬಲಗೊಂಡರೆ ರೇಷ್ಮೆಯ ಬಲ ಕುಂದುತ್ತದೆ, ಕೃತಕ ರೇಷ್ಮೆಯಂತೂ ಇನ್ನೂ ಹೆಚ್ಚಾಗಿ ಸೊರಗುತ್ತದೆ. ಆದುದರಿಂದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನು, ಬಿರುಬೇಸಗೆಯ ಒಣಹವೆಗೂ ಮಳೆಗಾಲದ ತಂಪಿಗೂ ಹಾಸಿನ ಬಿಗಿತವನ್ನು ಹೊಂದಿಸುತ್ತ, ಬೆರಳ ತುದಿಗೆ ತಾಗುವ ಎಳೆತದಿಂದ ಸಡಿಲು-ಬಿಗಿಗಳನ್ನು ನಿರ್ಣಯಿಸುತ್ತ, ಕಡಿದ ಎಳೆಯನ್ನು ಈಗಲೇ ಕೆಚ್ಚಬೇಕೋ ಬಿಗಿತವನ್ನು ಮೊದಲು ಸರಿಪಡಿಸಬೇಕೋ ಎಂಬುದನ್ನು ಆ ಕ್ಷಣದಲ್ಲೇ ತೀರ್ಮಾನಿಸುತ್ತಾನೆ. ಕೈಯ ಚಲನೆಯನ್ನು ಚಿತ್ರೀಕರಿಸಿದರೆ ಕೆಚ್ಚಿದ್ದು ಕಾಣುತ್ತದೆ, ಈ ತೀರ್ಮಾನ ಕಾಣುವುದಿಲ್ಲ.

ಈ ವಿಧಾನಕ್ಕೆ ಮಿತಿಯೂ ಇದೆ. ಮನುಷ್ಯನು ತನ್ನ ವರ್ತನೆಗೆ ನಿಜವಾದ ಕಾರಣವನ್ನರಿಯದೆಯೂ ಒಪ್ಪುವಂಥ ಕಾರಣವನ್ನು ಹೇಳಬಲ್ಲನೆಂದು ಮನಶ್ಶಾಸ್ತ್ರಜ್ಞರಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲೇ ಎಚ್ಚರಿಸಿದ್ದಾರೆ. ಆದಕಾರಣ ಒಬ್ಬನ ಮಾತನ್ನೇ ಪ್ರಮಾಣವೆನ್ನದೆ, ಹಲವರನ್ನು ವಿಚಾರಿಸಿ, ಕೆಲಸ ನಡೆಯುವಾಗಲೇ ನೋಡಿ, ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆಯಿದೆಯೇ ಎಂದು ಪರೀಕ್ಷಿಸಬೇಕು. ಹೀಗೆ ದೊರೆತ ವಿವರವು ಓದಿದವನನ್ನು ಒಡನೆಯೇ ನೇಕಾರನನ್ನಾಗಿ ಮಾಡಲಾರದು. ಆದರೆ ಕಲಿಯುವವನು ಯಾವುದನ್ನು ಗಮನಿಸುತ್ತ ಅಭ್ಯಾಸ ಮಾಡಬೇಕೆಂಬುದನ್ನು ಅದು ತಿಳಿಸಬಲ್ಲದು. ಕೈಮಗ್ಗದ ಹಿರಿಯರ ವಿದ್ಯೆಯನ್ನು ದಾಖಲಿಸಹೊರಟವರು ಸಲಕರಣೆಗಳ ಹೆಸರನ್ನೂ ಅಂಚಿನ ವಿನ್ಯಾಸಗಳನ್ನೂ ಬರೆದುಕೊಂಡಂತೆಯೇ, ಕೆಟ್ಟುಹೋದ ಹಾಸು ಮತ್ತೆ ಸರಿಹೋದ ಪ್ರಸಂಗಗಳನ್ನೂ ಕೇಳಿ ಬರೆದುಕೊಳ್ಳುವುದು ಲೇಸು; ಏಕೆಂದರೆ ಕೆಲಸ ಸುಸೂತ್ರವಾಗಿ ಸಾಗುವಾಗ ಮರೆಯಲ್ಲಿರುವ ವಿವೇಚನೆಯು ಕೆಲಸ ಕೆಟ್ಟಾಗಲೇ ಹೊರಗೆ ಕಾಣಿಸಿಕೊಳ್ಳುತ್ತದೆ.